ಜಲಪರಿಗೆ ಕಾಲುಚೀಲ

ಆ ಸಿನಿಮಾ ನನಗೆ ಇಷ್ಟವೆಂದು ಹೊರಗಿನವರ ಮುಂದೆ ನಾನು ಎಂದೂ ಒಪ್ಪಿಕೊಂಡವಳಲ್ಲ. ಅಕ್ಕಲಕೋಟದ ಕನ್ನಡ ಸಾಲೆಯಲ್ಲಿ ವಿಜ್ಞಾನ ಕಲಿಸುವ ಅಕ್ಕೋರು, ನಿವೃತ್ತಿ ಹತ್ತಿರ ಬಂದ ಹೆಂಗಸು, ಸೊಂಟದ ಕೆಳಗೆ ಮೀನಾಗಿರುವ ಹುಡುಗಿಯ ಪ್ರೇಮಕಥೆಯನ್ನು ಬಾಯಿ ತೆರೆದುಕೊಂಡು ನೋಡುತ್ತಾಳೆಂದರೆ ಜನ ಏನಂದುಕೊಳ್ಳಬೇಕು? ಶಿಕ್ಷಕರ ಕೋಣೆಯಲ್ಲಿ ಟೀವಿಯ ಮಾತು ಬಂದಾಗ ನಾನು ಗಂಭೀರವಾಗಿ, "ನಾ ಬರೇ ಬಾತ್ಮಿ ನೋಡ್ತೀನ್ರಿ," ಎನ್ನುತ್ತಿದ್ದೆ. ನಿನ್ನೆಯ ಸುದ್ದಿ ಏನೆಂದು ಯಾರಾದರೂ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಸಿನಿಮಾ ಯಾವ ದೇಶದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಹಿಂದಿಯಲ್ಲಿ ಮಾತು ಕೂಡಿಸಿದ್ದರು. ತುಟಿ ಮುಚ್ಚಿದ ಮೇಲೂ ಮಾತು ಕೇಳಿಸುತ್ತಿತ್ತು. ಸಮುದ್ರದ ದಂಡೆಯ ಒಂದು ಊರು, ಅಲ್ಲಿ ಮಂಜುಗಡ್ಡೆಯ ಗಾಡಿ ಓಡಿಸುವ ಒಬ್ಬ ಬಡಪಾಯಿ ಹುಡುಗ. ಒಂದು ದಿನ ಅವನ ಗಾಡಿಯಲ್ಲಿ, ಮಂಜುಗಡ್ಡೆಗಳ ನಡುವೆ, ಊರು ನೋಡುವ ಆಸೆಗೆ ಬಂದ ಜಲಪರಿ ಕೂತಿರುತ್ತಾಳೆ. ಹುಡುಗ ಅವಳ ಬಾಲಕ್ಕೆ ಕಂಬಳಿ ಹೊದಿಸಿ, ಕೈಗಾಡಿಯಲ್ಲಿ ಕೂರಿಸಿಕೊಂಡು ಊರೆಲ್ಲ ತಿರುಗಿಸುತ್ತಾನೆ. ಜನ ಅವಳನ್ನು ಕಾಲಿನ ಸ್ವಾಧೀನವಿಲ್ಲದ ಹುಡುಗಿ ಎಂದುಕೊಳ್ಳುತ್ತಾರೆ. ಆದರೆ ಅವಳಿಗೆ ನಗು ಬಂದರೆ ಸಾಕು, ಆ ಓಣಿಯ ನಳಗಳೆಲ್ಲ ತಾವಾಗಿಯೇ ತೆರೆದುಕೊಂಡು ಸುರಿಯತೊಡಗುತ್ತವೆ. ನೀರು ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕಿಕೊಂಡು ನಗರಸಭೆಯ ಡೊಳ್ಳು ಹೊಟ್ಟೆಯ ಸಾಹೇಬ ಬೆನ್ನು ಹತ್ತುತ್ತಾನೆ. ಕೊನೆಗೆ ಸಮುದ್ರದ ಮುದುಕಿಯೊಬ್ಬಳು ಬಂದು, "ಬಾಲ ಕೊಡು, ಕಾಲು ಕೊಡುತ್ತೇನೆ," ಎನ್ನುತ್ತಾಳೆ. ಹುಡುಗಿ ಒಲ್ಲೆ ಎನ್ನುತ್ತಾಳೆ. ಹುಡುಗ ತನ್ನ ಮನೆಯ ನೆಲವನ್ನೇ ಅಗೆದು ಹೊಂಡ ಮಾಡಿಬಿಡುತ್ತಾನೆ. ಅವಳು ಅಡುಗೆಮನೆಯಿಂದ ಪಡಸಾಲೆಗೆ ಈಜಿಕೊಂಡು ಬರುತ್ತಾಳೆ. ಅಲ್ಲಿಗೆ ಮುಗಿಯಿತು.

ಇದರಲ್ಲಿ ನೋಡುವಂಥದ್ದೇನಿದೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಒಂದಂತೂ ಆ ನಳಗಳು. ನಮ್ಮೂರಲ್ಲಿ ನಳ ದಿನಾ ಬರುವುದಿಲ್ಲ. ಬರುವ ದಿನ ಸಾಲೆಗೆ ರಜೆ ಹಾಕಿ ಕೊಡ ತುಂಬುವವರಿದ್ದಾರೆ. ಸೊಲ್ಲಾಪುರದಂಥ ದೊಡ್ಡ ಶಹರದಲ್ಲೂ ಅದೇ ಗೋಳು. ಅಂಥಲ್ಲಿ ಒಂದು ಹುಡುಗಿ ಕಿಲಕಿಲ ನಕ್ಕರೆ ಓಣಿಗೆಲ್ಲ ನೀರು ಬರುತ್ತದೆಂದರೆ ನಮಗೆ ಅದಕ್ಕಿಂತ ದೊಡ್ಡ ಪ್ರೇಮಕಥೆ ಬೇಕೆ? ಮೊದಲ ಸಲ ನೋಡುವಾಗ ನನ್ನ ಮಗಳಿನ್ನೂ ಚಿಕ್ಕವಳು. ನಳ ಸುರಿಯುವುದನ್ನು ಕಂಡದ್ದೇ ತಡ, ಅಡುಗೆಮನೆಗೆ ಓಡಿಹೋಗಿ ಕೊಡ ತಂದು ಟೀವಿಯ ಮುಂದೆ ಇಟ್ಟಳು. ನಾನು ನಕ್ಕು ನಕ್ಕು ಸುಸ್ತಾದೆ. ಅವಳು ಬಚ್ಚಲಿಗೆ ಹೋಗಿ, ನಾನು ನಕ್ಕಿದ್ದಕ್ಕೆ ನಮ್ಮ ನಳ ಬಂತೇ ಎಂದು ತಿರುಗಿಸಿ ನೋಡಿ ಬಂದಳು.

ಇನ್ನೊಂದು ಕಾರಣ ಹೇಳಿಕೊಳ್ಳುವುದು ಸ್ವಲ್ಪ ಕಷ್ಟ. ಆ ಹುಡುಗಿಗೆ ಯಾರೂ ಬದಲಾಗು ಎನ್ನಲಿಲ್ಲ. ಅಂದ ಒಬ್ಬ ಮುದುಕಿಗೆ ಅವಳು ಸೊಪ್ಪು ಹಾಕಲಿಲ್ಲ. ನಾನು ಕರಜಗಿಯಿಂದ ಮದುವೆಯಾಗಿ ಬಂದವಳು. ನಡೆಯುವ ರೀತಿ, ನಗುವ ರೀತಿ, ಮರಾಠಿ ಆಡುವ ರೀತಿ, ಎಲ್ಲವನ್ನೂ ಒಬ್ಬರಲ್ಲ ಒಬ್ಬರು ತಿದ್ದಿದರು. ತಿದ್ದಿಸಿಕೊಂಡೆ. ಹಾಗಾಗಿ ಆ ಹುಡುಗಿ ಒಲ್ಲೆ ಎಂದು ತಲೆಯಾಡಿಸುವ ಹೊತ್ತಿಗೆ ಪ್ರತಿ ಸಲವೂ ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ರವಿವಾರ ಮಧ್ಯಾಹ್ನ ಟೀವಿಯಲ್ಲಿ, ಆಮೇಲೆ ಸಿಡಿಯಲ್ಲಿ, ಈಗ ಮೊಬೈಲಿನಲ್ಲಿ, ತಾಯಿ ಮಗಳು ಅದನ್ನು ನೋಡುತ್ತಲೇ ಬಂದೆವು. ಮಗಳಿಗೆ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಅದೇ ಸಿನಿಮಾ, ನನಗೂ ನಮ್ಮ ಮನೆಯವರಿಗೂ ಜಗಳವಾದರೆ ಅದೇ ಸಿನಿಮಾ. ನಮ್ಮ ಮನೆಯವರು ಎಸ್‌ಟಿ ಬಸ್ಸಿನ ಕಂಡಕ್ಟರು. ಡ್ಯೂಟಿ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು, "ಬಂದಳೇನ್ರಿ ನಿಮ್ಮ ಬೀಗತಿ?" ಎಂದು ಕೇಳುವರು. ಜಲಪರಿಯನ್ನು ಅವರು ನನ್ನ ಬೀಗತಿ ಎನ್ನುತ್ತಿದ್ದರು.

ನಿಜವಾದ ಬೀಗತಿ ಬಂದದ್ದು ಮಗಳ ಮದುವೆಯಾದಾಗ. ಸೊಲ್ಲಾಪುರದ ಟವೆಲ್ ವ್ಯಾಪಾರಿಗಳ ಮನೆತನ. ಮನೆಯಲ್ಲಿ ಆಡುವುದು ಕನ್ನಡ, ಓದುವುದು ಬರೆಯುವುದು ಎಲ್ಲಾ ಮರಾಠಿ. ನಮಗಿಂತ ಎಷ್ಟೋ ಮೇಲಿನ ಸ್ಥಿತಿಯವರು. ಆ ಮನೆಯಲ್ಲಿ ನನ್ನ ಮಗಳು ತಲೆ ಎತ್ತಿಕೊಂಡು ಇರುವಳೋ ಇಲ್ಲವೋ ಎಂಬ ಚಿಂತೆ ನನಗೆ ಮೊದಲ ದಿನದಿಂದಲೇ ಇತ್ತು.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ತಾಯಿ ಬೀಗತಿಯ ಕಾಲು ತೊಳೆಯುವ ಪದ್ಧತಿ ಉಂಟು. ನಾನು ಅಗಲ ತಟ್ಟೆಯ ಪರಾತ ಇಟ್ಟು, ಹಾಲು ಬೆರೆಸಿದ ನೀರಿನ ತಂಬಿಗೆ ಹಿಡಿದು ಅವರ ಮುಂದೆ ಕೂತೆ. ಒಳಗೊಳಗೆ ಮೈ ಉರಿಯುತ್ತಿತ್ತೆಂಬುದನ್ನೂ ಹೇಳಿಬಿಡುತ್ತೇನೆ. ಇಷ್ಟು ವರ್ಷ ಸಾಲೆಯಲ್ಲಿ ಎಲ್ಲರೂ ಸರಿಸಮ ಎಂದು ಪಾಠ ಮಾಡಿದವಳು ಇನ್ನೊಬ್ಬಳ ಕಾಲಡಿ ಕೂರುವುದೆಂದರೇನು? ಅಷ್ಟರಲ್ಲಿ ಬೀಗತಿ ಕಾಲನ್ನು ಸೀರೆಯೊಳಗೆ ಸರಕ್ಕನೆ ಎಳೆದುಕೊಂಡರು.

"ಬ್ಯಾಡ್ರಿ ಅಕ್ಕೋರ. ಈ ಕಾಲದಾಗ ಯಾರೂ ಯಾರ ಕಾಲೂ ತೊಳಿಬಾರದ್ರಿ. ಏಳ್ರಿ ಮ್ಯಾಲ," ಎಂದರು.

ನಾನು ಉಬ್ಬಿಹೋದೆ. ಇಂಥ ಮನಸ್ಸಿನ ಬೀಗತಿ ಸಿಕ್ಕರೆಂದು ಸಾಲೆಯಲ್ಲಿ, ಓಣಿಯಲ್ಲಿ, ಕರಜಗಿಯಲ್ಲಿ ಡಂಗುರ ಸಾರಿದೆ. ಅಳಿಯನ ಕಾಲನ್ನು ಮಾತ್ರ ಶಾಸ್ತ್ರಕ್ಕೆ ನಾವು ಗಂಡಹೆಂಡತಿ ತೊಳೆದೆವು. ತಿದ್ದಿ ತೀಡಿದಂಥ ಚೆಂದದ ಕಾಲು.

ಬೀಗತಿಯವರು ಯಾವಾಗಲೂ ಕಾಲುಚೀಲ ಹಾಕಿಕೊಂಡೇ ಇರುತ್ತಿದ್ದರು. ಹೆಬ್ಬೆರಳಿಗೆ ಬೇರೆ ಗೂಡು ಇರುವ ಮೈಬಣ್ಣದ ಕಾಲುಚೀಲ. ಸೊಲ್ಲಾಪುರದ ಬೇಸಗೆಯಲ್ಲೂ ಅದೇ. "ಹಿಮ್ಮಡಿ ಒಡದಾವ್ರಿ," ಎನ್ನುತ್ತಿದ್ದರು. ನಮ್ಮ ಮನೆಗೆ ಬಂದಾಗ ಹೊಸ್ತಿಲಲ್ಲಿ ಕಾಲಿಗೆ ನೀರು ಕೊಟ್ಟರೆ, ಬಲಗೈ ಅಡ್ಡ ಹಿಡಿದು ಬೇಡವೆಂದು ಒಳಗೆ ಬರುವರು. ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮಲ್ಲಿ ಉಣ್ಣಲು ಬಡಿಸುವುದಕ್ಕಿಂತ ಮೊದಲಿನ ಮರ್ಯಾದೆ. ಅದನ್ನು ಬೇಡವೆಂದರೆ ಸಣ್ಣದೊಂದು ಮುಳ್ಳು ಚುಚ್ಚಿದಂತೆ. ಶ್ರೀಮಂತರು, ನಮ್ಮ ಬಚ್ಚಲ ನೀರು ಹಿಡಿಸಲಿಕ್ಕಿಲ್ಲ ಎಂದುಕೊಂಡು ತಂಬಿಗೆ ಒಳಗಿಟ್ಟೆ.

ಮಗಳು ಬಸುರಿಯಾದಳು. ಏಳು ತಿಂಗಳು ತುಂಬುತ್ತಲೇ ಸೊಲ್ಲಾಪುರದ ಅವರ ಮನೆಯಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ, ಇಟ್ಟುಕೊಂಡರು. ನಾವು ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಒಯ್ಯಬೇಕು, ಕಾರ್ಯ ಮುಗಿಸಿ ಮಗಳನ್ನು ಹೆರಿಗೆಗೆ ಕರೆದುಕೊಂಡು ಬರಬೇಕು. ಈಗ ಇದರಲ್ಲಿ ಫೋಟೊದ ಸಂಭ್ರಮವೇ ಹೆಚ್ಚು. ಬಸುರಿಯನ್ನು ಹೂವಿನಿಂದ ಸಿಂಗರಿಸಿ ಜೋಕಾಲಿಯ ಮೇಲೆ, ತಗಡಿನ ಚಂದ್ರನ ಮೇಲೆ, ರಟ್ಟಿನ ದೋಣಿಯಲ್ಲಿ ಕೂರಿಸಿ ಫೋಟೊ ತೆಗೆಯುತ್ತಾರೆ. ಮಗಳು ಫೋನಿನಲ್ಲಿ ಹೇಳಿದಳು:

"ಅವ್ವಾ, ಚಂದ್ರ ದೋಣಿ ಎಲ್ಲಾರೂ ಮಾಡ್ತಾರ. ನಾ ನಮ್ಮ ಜಲಪರಿ ಆಗಿ ಕುಂಡರತೀನಿ. ಬಾಲ ನೀ ಹೊಲಿದ ಕೊಡತೀ?"

ಬೇಡ ಎನ್ನಬೇಕಾಗಿತ್ತು. ಎನ್ನಲಿಲ್ಲ. ಅವಳಿಗಿಂತ ನನಗೇ ಹೌಸು ಹೆಚ್ಚಾಗಿತ್ತು. ಅವರದೇ ಅಂಗಡಿಯಿಂದ ಅವಳು ಸಮುದ್ರದ ಹಸಿರು ಬಣ್ಣದ ಟವೆಲ್ ಬಟ್ಟೆ ಕಳಿಸಿದಳು. ನಾನು ನನ್ನ ಹಳೆಯ ಇರಕಲ್ ಸೀರೆಯ ಸೆರಗು ಕತ್ತರಿಸಿ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊಲಿದೆ. ಬಾಲದ ತುದಿಗೆ ಒಳಗಿನಿಂದ ಕಸಬರಿಗೆಯ ಕಡ್ಡಿ ಕೊಟ್ಟು ಬೀಸಣಿಗೆಯ ಹಾಗೆ ಅರಳಿಕೊಳ್ಳುವಂತೆ ಮಾಡಿದೆ. ಬೆನ್ನ ಕಡೆ ಹುಕ್ಕು. ಹೊಲಿಯುವಾಗ ಮೊಬೈಲಿನಲ್ಲಿ ಅದೇ ಸಿನಿಮಾ ಹಚ್ಚಿಕೊಂಡಿದ್ದೆ. ನೋಡಿ ನೋಡಿ ಸರಿಮಾಡಲು ಎಂದು ನನಗೆ ನಾನೇ ಹೇಳಿಕೊಂಡೆ.

ಕಾರ್ಯದ ದಿನ ಆರತಿ, ಹಾಡು, ಉಡಿ ತುಂಬುವುದು ಎಲ್ಲ ಚೆನ್ನಾಗಿಯೇ ಆಯಿತು. ಆಮೇಲೆ ಒಳಕೋಣೆಯಲ್ಲಿ ಮಗಳಿಗೆ ಬಾಲ ತೊಡಿಸಿ, ಅವಳ ಗಂಡನಿಂದ ಎತ್ತಿಸಿಕೊಂಡು ಬಂದು ಜೋಕಾಲಿಯ ಮೇಲೆ ಕೂರಿಸಿದೆವು. ಚಿಕ್ಕ ವಯಸ್ಸಿನವರು ಚಪ್ಪಾಳೆ ತಟ್ಟಿದರು. ನಾನು ಸುತ್ತ ನೋಡಿದೆ, ಯಾರಾದರೂ ಹೊಲಿಗೆಯನ್ನು ಹೊಗಳುತ್ತಾರೇನೋ ಎಂದು. ಅಳಿಯನ ಸೋದರತ್ತೆ, ನಮ್ಮ ಬೀಗತಿಯ ನಾದಿನಿ, ವಯಸ್ಸಾದ ಹೆಂಗಸು, ಎದ್ದು ನಿಂತರು.

"ಅಯ್ಯ ಶಿವನೇ! ಬಸರ ಹೆಣ್ಣಿನ ಕಾಲ ಕಳದು ಬಾಲ ಹಚ್ಯಾರಲ್ಲವಾ! ಬಸರಿದ್ದಾಕಿ ಕಣ್ಣಿಗಿ ಏನ ಬೀಳತದ, ಕೂಸಿಗಿ ಅದೇ ಬರತದ. ಸಾಲಿ ಕಲಸೋರಿಗಿ ಇಷ್ಟೂ ತಿಳಿಯಂಗಿಲ್ಲೇನು?"

ಹಾಡು ನಿಂತಿತು. ಮಗಳ ಮುಖದ ಮೇಲಿನ ನಗು ಇಳಿಯಿತು. ಬೀಗತಿ ಅಡುಗೆಮನೆಯಿಂದ ಬಂದರು. ಬಾಲವನ್ನೇ ನೋಡುತ್ತ ನಿಂತರು. ಅವರ ಮುಖ ಬಿಳಿಚಿಹೋದದ್ದನ್ನು ನಾನು ಕಣ್ಣಾರೆ ಕಂಡೆ. "ಬಿಚ್ಚವಾ ಅದನ್ನ," ಎಂದು ಮಗಳಿಗೆ ಮೆಲ್ಲಗೆ ಹೇಳಿ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಊಟಕ್ಕೂ ಹೊರಗೆ ಬರಲಿಲ್ಲ.

ಹುಕ್ಕು ಟವೆಲ್ಲಿನ ಎಳೆಗೆ ಸಿಕ್ಕಿಕೊಂಡಿತ್ತು. ಎಲ್ಲರೂ ನೋಡುತ್ತಿರುವಾಗ ನಾನು ಮಗಳ ಬೆನ್ನ ಹಿಂದೆ ಮೊಣಕಾಲೂರಿ, ಹಲ್ಲಿನಿಂದ ಕಚ್ಚಿ ಎಳೆದು, ಕೊನೆಗೆ ಕತ್ತರಿ ಕೇಳಿ ಇಸಿದುಕೊಂಡು ಬಾಲ ಕತ್ತರಿಸಿದೆ. ಇರಕಲ್ ಸೆರಗಿನ ಚೂರುಗಳು ಅವರ ನುಣುಪಾದ ಫರಸಿಯ ಮೇಲೆಲ್ಲ ಬಿದ್ದವು. ಅವನ್ನು ಆರಿಸುವಾಗ ನೆಲ ಬಾಯಿ ಬಿಡಬಾರದೆ ಎನಿಸಿತು. ಬಸುರಿ ತೆರೆದದ್ದರಲ್ಲಿ ಪೇಢೆಯಿದ್ದರೆ ಗಂಡು, ಬರ್ಫಿಯಿದ್ದರೆ ಹೆಣ್ಣು ಎಂಬ ಆಟಕ್ಕೆ ಮುಚ್ಚಿಟ್ಟಿದ್ದ ಎರಡು ಬಟ್ಟಲುಗಳನ್ನು ಯಾರೂ ತೆರೆಯಲಿಲ್ಲ. ನಾವು ಹೊರಡುವಾಗಲೂ ಅವು ಹಾಗೇ ಇದ್ದವು.

ಬೀಗತಿ ಮಗಳನ್ನು ಕಳಿಸಿಕೊಟ್ಟರು, ಆದರೆ ನನ್ನ ಮುಖ ನೋಡಿ ಮಾತಾಡಲಿಲ್ಲ. ಅಕ್ಕಲಕೋಟದವರೆಗೆ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಒಂದು ಹುಚ್ಚು ಸಿನಿಮಾದ ಚಪಲಕ್ಕೆ ಮಗಳ ಬಾಳಿನಲ್ಲಿ ಕಡ್ಡಿ ಆಡಿಸಿಬಿಟ್ಟೆ. ನಾಳೆ ಆ ಮನೆಯಲ್ಲಿ ಏನೇ ಕೆಟ್ಟರೂ ಈ ಬಾಲವನ್ನೇ ಎತ್ತಿ ಆಡುತ್ತಾರೆ. ಮಗಳು ನನ್ನ ಕೈ ಹಿಡಿದು, "ಬಿಡಬೇ ಅವ್ವಾ, ಮುದುಕೀದ ಏನ ಹಚಗೊಂಡಿ," ಎಂದಳು. ಸಮಾಧಾನ ಹೇಳಬೇಕಾದವಳು ನಾನು, ಹೇಳಿದವಳು ಅವಳು.

ಹೆಣ್ಣು ಮಗು ಹುಟ್ಟಿತು. ನಮ್ಮೂರಿನ ದವಾಖಾನೆಯಲ್ಲಿಯೇ, ಬೆಳಗಿನ ಹೊತ್ತು. ಮಗುವನ್ನು ಒರೆಸಿ ನನ್ನ ಕೈಗೆ ಕೊಟ್ಟಾಗ ನಾನು ಎಲ್ಲ ಅಜ್ಜಿಯರಂತೆ ಕೈ, ಕಿವಿ, ಮೂಗು ನೋಡಿ ಕಾಲಿನ ಬಟ್ಟೆ ಸರಿಸಿದೆ. ಎಡಗಾಲಿನ ಹೆಬ್ಬೆರಳ ಪಕ್ಕದ ಎರಡು ಬೆರಳುಗಳು ತುದಿಯವರೆಗೆ ಕೂಡಿಕೊಂಡಿದ್ದವು. ನಡುವೆ ತೆಳ್ಳನೆಯ ಚರ್ಮ.

ಡಾಕ್ಟರಬಾಯಿ ನೋಡಿದರು. ಇದರಿಂದ ಏನೂ ತೊಂದರೆಯಿಲ್ಲ, ಮಗು ಎಲ್ಲರಂತೆ ನಡೆಯುತ್ತದೆ, ಓಡುತ್ತದೆ ಎಂದು ಮರಾಠಿಯಲ್ಲಿ ಹೇಳಿದರು. ಮನೆತನದಲ್ಲಿ ಯಾರಿಗಾದರೂ ಹೀಗಿದೆಯೇ ಎಂದು ಕೇಳಿದರು. ನಾನು ಗಟ್ಟಿಯಾಗಿ ಇಲ್ಲ ಎಂದೆ. ನಮ್ಮ ಕಡೆಯವರ ಕಾಲು ನನಗೆ ಗೊತ್ತು, ಅಳಿಯನ ಕಾಲನ್ನು ನಾನೇ ತೊಳೆದಿದ್ದೇನೆ. ಹಾಗಾದರೆ ಎಲ್ಲಿಂದ ಬಂತು? ತಾಯಿತಂದೆಯರ ಗುಣ ಮಕ್ಕಳಿಗೆ ಹೇಗೆ ಬರುತ್ತದೆ, ಅಜ್ಜ ಅಜ್ಜಿಯದು ಹೇಗೆ ಒಂದು ತಲೆಮಾರು ದಾಟಿ ಬರುತ್ತದೆ ಎಂದು ಮಕ್ಕಳಿಗೆ ಬಟಾಣಿಯ ಬಳ್ಳಿಯ ಚಿತ್ರ ಬರೆದು ಕಲಿಸಿದವಳು ನಾನು. ಬಸುರಿ ಕಂಡದ್ದು ಕೂಸಿಗೆ ಬರುವುದಿಲ್ಲ ಎಂದು ಹತ್ತಾರು ಸಲ ಹೇಳಿದವಳು. ಆದರೂ ಆ ಕಾಲು ಕಂಡ ಗಳಿಗೆಯಲ್ಲಿ ನನ್ನ ತಲೆಯೊಳಗೆ ಬಂದದ್ದು ಆ ಹಸಿರು ಬಾಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅದಕ್ಕಿಂತ ಹೆಚ್ಚಿನ ನಾಚಿಕೆ ಮುಂದಿನದು. ಮಗಳು ಕಣ್ಣು ಬಿಟ್ಟು, ಮಗುವನ್ನು ಪಕ್ಕಕ್ಕೆ ಮಲಗಿಸಿಕೊಂಡು, ಆ ಕಾಲು ನೋಡಿದಳು. ಕಿಲಕಿಲ ನಕ್ಕಳು.

"ಅವ್ವಾ, ನೋಡಲ್ಲೇ! ನಮ್ಮ ಜಲಪರಿ ಬಂದಾಳ!"

"ಬಾಯಿ ಮುಚ್ಚು!" ಎಂದು ಗದರಿದೆ. ಸಾಲೆಯಲ್ಲಿ ಗದ್ದಲ ಮಾಡುವವರನ್ನು ಗದರಿದಂತೆ. "ಯಾರರೆ ಕೇಳಿದ್ರ? ಅದರ ಸುದ್ದಿ ತಗೀಬ್ಯಾಡ ಇನ್ನ."

ಹೆತ್ತು ದಣಿದ ಮಗಳ ನಗುವನ್ನು ನಾನು ಹೀಗೆ ನಿಲ್ಲಿಸಿದೆ. ಅವಳು ಹಾಗೇ ಗೋಡೆಯ ಕಡೆ ತಿರುಗಿದಳು. ಸಂಜೆ ಆ ಸೋದರತ್ತೆಯ ಮಾತನ್ನು ಮೆಲುಕು ಹಾಕಿದವಳಂತೆ ಕೇಳಿದಳು, "ಅವ್ವಾ, ನಾ ಬಾಲ ಹಾಕ್ಕೊಂಡಿದ್ದಕ್ಕ ಹಿಂಗಾಗೇದೇನ?" ನಾನು ಅಲ್ಲ ಎಂದೆ. ಆದರೆ ತಡ ಮಾಡಿ ಎಂದೆ. ಒಂದು ಉಸಿರಿನಷ್ಟು ತಡ. ಅವಳಿಗೆ ಅಷ್ಟು ಸಾಕಾಯಿತು.

ಆವತ್ತಿನಿಂದ ಅವಳು ನಗಲಿಲ್ಲ. ಮಗುವಿಗೆ ಹಾಲು ಕೊಡುವಳು, ಮಗುವಿನ ಕಾಲು ನೋಡುವಳು, ಅಳುವಳು. ಬಾಣಂತಿ ಅಳಬಾರದು ಎಂದು ನಾನು ಅಳವಿ ಪಾಯಸ ಮಾಡಿ ಮುಂದೆ ಇಡುವೆ. ಅದರ ಜೊತೆಗೆ ಇನ್ನೊಂದು ಘನಕಾರ್ಯ ಮಾಡಿದೆ. ಪೇಟೆಗೆ ಹೋಗಿ ಗುಲಾಬಿ ಬಣ್ಣದ ಸಣ್ಣ ಕಾಲುಚೀಲ ತಂದು ಮಗುವಿನ ಎರಡೂ ಕಾಲಿಗೆ ಹಾಕಿದೆ. ನೋಡಲು ಬಂದ ಓಣಿಯವರ ಮುಂದೆ ತೆಗೆಯಲಿಲ್ಲ. ಅಳಿಯ ಬಂದಾಗ ಮಗುವನ್ನು ಕುತ್ತಿಗೆಯವರೆಗೆ ಸುತ್ತಿ ಕೊಟ್ಟೆ. "ಅವರಿಗಿ ಹೇಳೋಣಬೇ," ಎಂದು ಮಗಳು ಎರಡು ಸಲ ಅಂದಳು. "ತೊಟ್ಟಿಲ ಕಾರ್ಯ ಒಂದ ಮುಗೀಲಿ," ಎಂದೆ. ಎಣ್ಣೆ ನೀರು ಹಾಕುವಾಗ ಬಚ್ಚಲ ಬಾಗಿಲ ಚಿಲಕ ಹಾಕಿಕೊಳ್ಳುತ್ತಿದ್ದೆ. ಬಾಲ ಬಿಡದ ಹುಡುಗಿಯನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸು ಮಾಡಿದ ಕೆಲಸ ಇದು. ಆ ಸಿನಿಮಾದ ಮುದುಕಿಯಾದರೂ ಬಾಲಕ್ಕೆ ಬದಲು ಕಾಲು ಕೊಡುತ್ತೇನೆ ಎಂದು ಕೇಳಿದ್ದಳು. ನಾನು ಕೇಳಲೂ ಇಲ್ಲ.

ತೊಟ್ಟಿಲ ಕಾರ್ಯಕ್ಕೆ ಸೊಲ್ಲಾಪುರದವರು ಗಾಡಿ ಮಾಡಿಕೊಂಡು ಬಂದರು. ಕಡು ಬೇಸಗೆ. ಪಡಸಾಲೆಯ ಫ್ಯಾನು ಬಿಸಿ ಗಾಳಿಯನ್ನೇ ತಿರುವುತ್ತಿತ್ತು. ಹೊಸ್ತಿಲಲ್ಲಿ ನಾನು ಎಲ್ಲರಿಗೂ ಕಾಲಿಗೆ ನೀರು ಕೊಟ್ಟೆ. ಬೀಗತಿ ಎಂದಿನಂತೆ ಕೈ ಅಡ್ಡ ಹಿಡಿದು, ಚಪ್ಪಲಿ ಬಿಟ್ಟು, ಕಾಲುಚೀಲದಲ್ಲೇ ಒಳಗೆ ಬಂದರು. ಕುಬಸದ ದಿನದ ಮೇಲೆ ನಾವಿಬ್ಬರೂ ಎದುರಾದದ್ದು ಅದೇ ಮೊದಲು. ನನಗೆ ತಲೆ ಎತ್ತಲಾಗಲಿಲ್ಲ.

ಹೆಂಗಸರೆಲ್ಲ ತೊಟ್ಟಿಲ ಸುತ್ತ ಕೂತರು. ಸೋದರತ್ತೆ ಮಗುವನ್ನು ನೋಡಿ, ಬಣ್ಣ ಯಾರದು, ಮೂಗು ಯಾರದು ಎಂದು ಹಂಚುತ್ತ ಹಂಚುತ್ತ ಕಾಲಿನವರೆಗೆ ಬಂದರು.

"ಇಂಥಾ ಬಿಸಲಾಗ ಕೂಸಿಗಿ ಯಾಕ್ರಿ ಇವು? ಬೆವರತದ, ತಗೀರಿ."

"ಥಂಡಿ ಆದೀತಂತ್ರಿ," ಎಂದೆ.

ಅಕ್ಕಲಕೋಟದ ಕಡು ಬೇಸಗೆಯಲ್ಲಿ ಥಂಡಿ! ಎಲ್ಲರೂ ನಕ್ಕರು. ಸೋದರತ್ತೆ ನಗುತ್ತಲೇ ಮಗುವಿನ ಕಾಲಿಗೆ ಕೈ ಹಾಕಿದರು. ನಾನು ಅವರ ಕೈ ಹಿಡಿದುಕೊಂಡೆ. ಹಿಡಿದದ್ದು ಸ್ವಲ್ಪ ಗಟ್ಟಿಯಾಗಿಯೇ ಇರಬೇಕು. ನಗು ನಿಂತಿತು. ಮಗಳು ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಅವಳ ಕಣ್ಣಿನಿಂದ ನೀರು ಮಡಿಲಿಗೆ ಬೀಳುತ್ತಿತ್ತು.

ಬೀಗತಿ ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಮಗುವಿನ ಗುಲಾಬಿ ಕಾಲುಚೀಲವನ್ನು ನೋಡುತ್ತಿದ್ದರು. ಆಮೇಲೆ ಎದ್ದರು.

"ಅಕ್ಕೋರ, ನನಗ ಕಾಲಿಗಿ ನೀರ ಕೊಡ್ರಿ."

ನನಗೆ ಅರ್ಥವಾಗಲಿಲ್ಲ. ಒಳಗೆ ಬಂದು ಕೂತ ಮೇಲೆ ಕಾಲಿಗೆ ನೀರು ಕೇಳುವವರುಂಟೆ? ಅವರು ಎಲ್ಲರ ನಡುವೆ ಹಾದು ಹೊಸ್ತಿಲಿಗೆ ಹೋಗಿ, ಮೆಟ್ಟಿಲ ಕಲ್ಲಿನ ಮೇಲೆ ಕೂತು, ಸೀರೆಯನ್ನು ಸ್ವಲ್ಪ ಮೇಲೆತ್ತಿಕೊಂಡು, ಕಾಲುಚೀಲ ಕಳಚಿ ಪಕ್ಕಕ್ಕೆ ಇಟ್ಟರು. ನಾನು ತಂಬಿಗೆ ಹಿಡಿದು ಬಗ್ಗಿದೆ.

ಹಿಮ್ಮಡಿ ಒಡೆದಿರಲಿಲ್ಲ. ನುಣ್ಣಗಿತ್ತು, ಬಿಸಿಲು ಕಾಣದ ಬಿಳಿ ಕಾಲು. ಎಡಗಾಲಿನ ಹೆಬ್ಬೆರಳ ಪಕ್ಕದ ಎರಡು ಬೆರಳುಗಳು ತುದಿಯವರೆಗೆ ಕೂಡಿಕೊಂಡಿದ್ದವು. ಎರಡನ್ನೂ ಸೇರಿಸಿ ಒಂದೇ ಒಂದು ಅಗಲವಾದ ಬೆಳ್ಳಿಯ ಕಾಲುಂಗುರ.

ನನ್ನ ಕೈಯಲ್ಲಿ ತಂಬಿಗೆ ನಿಂತುಬಿಟ್ಟಿತು.

"ಹಾಕ್ರಿ," ಎಂದರು. ನಾನು ಹಾಕಿದೆ.

"ಲಗ್ನದಾಗ ಕಾಲುಂಗುರ ಹೋಗಲಿಲ್ರಿ ಈ ಕಾಲಿಗಿ. ಮಂದಿ ಎಲ್ಲಾ ನಕ್ಕರು. ಅಕ್ಕಸಾಲಿನ್ನ ಕರಸಿ ಇದನ್ನ ಮಾಡಸಿದ್ರು." ಅವರು ಬಾಗಿಲ ಕಡೆ ತಿರುಗಿ, ಬಂದು ನಿಂತಿದ್ದ ನಾದಿನಿಯನ್ನು ನೇರವಾಗಿ ನೋಡಿದರು. "ಇವರು ನನಗ ಬಾತಕೋಳಿ ಅಂತಿದ್ರು. ಹೌದಲ್ರಿ? ಅವತ್ತ ಹಾಕ್ಕೊಂಡೀನಿ ನೋಡ್ರಿ ಈ ಚೀಲ. ನನ್ನ ಮಗಗ ಬರಲಿಲ್ಲ, ಬಚಾವಾದೆ ಅಂದ್ಕೊಂಡಿದ್ದೆ."

ಸೋದರತ್ತೆ ಸೆರಗು ಸರಿ ಮಾಡಿಕೊಂಡು ಬೀದಿಯ ಕಡೆ ನೋಡಿದರು.

"ಅವತ್ತ ಕುಬಸದಾಗ…" ಎಂದು ನಾನು ತೊದಲಿದೆ.

"ಸಿಟ್ಟಲ್ರಿ ಅಕ್ಕೋರ. ಅಂಜಿಕಿ. ಎಲ್ಲಾರೂ ಆ ಬಾಲ ನೋಡಾಕತ್ತಿದ್ರು, ನನಗ ನನ್ನ ಕಾಲೇ ನೋಡಾಕತ್ತಾರ ಅನಿಸ್ತು. ಆವಾಗೇ ಹೊರಗ ಬಂದು ಹೇಳಬೇಕಾಗಿತ್ತು, ಈ ಹುಡುಗಿದ ಏನೂ ತಪ್ಪಿಲ್ಲ, ಬಂದ್ರ ನಂದೇ ಬರತದಂತ. ಧೈರ್ಯ ಆಗಲಿಲ್ಲ." ಆಮೇಲೆ ನನ್ನ ಮಗಳ ಕಡೆ ನೋಡಿ, "ನೀ ಅಳಬ್ಯಾಡವಾ. ಇದು ನಂದು, ನಿಂದಲ್ಲ," ಎಂದರು.

ಮದುವೆಯಲ್ಲಿ ಅವರು ಕಾಲು ಎಳೆದುಕೊಂಡದ್ದನ್ನು ದೊಡ್ಡ ಮನಸ್ಸೆಂದು ಊರೆಲ್ಲ ಸಾರಿದ್ದೆ. ಹೊಸ್ತಿಲ ನೀರು ಬೇಡವೆಂದದ್ದನ್ನು ಶ್ರೀಮಂತರ ಸೊಕ್ಕೆಂದು ಒಳಗೇ ಬೈದುಕೊಂಡಿದ್ದೆ. ಎರಡೂ ಅಲ್ಲ. ಒಬ್ಬ ಹೆಂಗಸು ಮುಕ್ಕಾಲು ಬದುಕನ್ನು ಕಾಲು ಮುಚ್ಚಿಕೊಂಡು ಕಳೆದಿದ್ದರು, ಅಷ್ಟೇ. ಮತ್ತು ನಾನು, ಕಣ್ಣು ಬಿಟ್ಟು ಇನ್ನೂ ಸರಿಯಾಗಿ ಬೆಳಕು ಕಾಣದ ಕೂಸಿಗೆ, ಅದೇ ಬದುಕನ್ನು ಪೇಟೆಯಿಂದ ಕೊಂಡು ತಂದು ತೊಡಿಸಿದ್ದೆ. ಗುಲಾಬಿ ಬಣ್ಣದ್ದೇ ಬೇಕೆಂದು ಆರಿಸಿ ತಂದಿದ್ದೆ.

ಮದುವೆಯಲ್ಲಿ ಉಳಿದಿದ್ದ ಶಾಸ್ತ್ರವನ್ನು ನಾನು ಆ ಮೆಟ್ಟಿಲ ಬಳಿ ಮಾಡಿದೆ. ಹಾಲಿಲ್ಲ, ಪರಾತವಿಲ್ಲ. ಹಿಂದಿನ ಸಲ ನಳ ಬಂದಾಗ ತುಂಬಿಟ್ಟಿದ್ದ ನೀರು. ಅವರು ಬೇಡವೆಂದರೂ ಬಿಡದೆ ಎರಡೂ ಕಾಲನ್ನು ಕೈಯಾರೆ ತೊಳೆದು ನನ್ನ ಸೆರಗಿನಿಂದ ಒರೆಸಿದೆ. ಈ ಸಲ ಮೈ ಉರಿಯಲಿಲ್ಲ. ಮುಖ ಮಾತ್ರ ಎತ್ತಲಾಗಲಿಲ್ಲ. ಅವರು ನನ್ನ ತಲೆಯ ಮೇಲೆ ಕೈ ಇಟ್ಟು, "ಸಾಕ್ರಿ," ಎಂದರು.

ಒಳಗಿನಿಂದ ನಗು ಕೇಳಿಸಿತು. ಮಗಳದು. ತೊಟ್ಟಿಲ ಬಳಿ ಅವಳು ಮಗುವಿನ ಒಂದು ಕಾಲುಚೀಲ ಕಿತ್ತು ಎಸೆದಿದ್ದಳು. ಮಗು ಗಾಳಿ ಸೋಕಿದ ಆ ಕಾಲನ್ನು ಎತ್ತಿ ಎತ್ತಿ ಒದೆಯುತ್ತಿತ್ತು. ನನಗೇ ಅರಿವಿಲ್ಲದೆ ನಾನು ಬಚ್ಚಲ ಕಡೆ ತಿರುಗಿ ನಳ ನೋಡಿದೆ. ಬಂದಿರಲಿಲ್ಲ. ನಮ್ಮ ಪಾಳಿ ನಾಡಿದ್ದು.

"ಅವ್ವಾ," ಎಂದು ಕರೆದಳು ಮಗಳು. "ಇನ್ನೊಂದ ನೀ ತಗಿ. ನೀನೇ ಹಾಕೀದಿ."

ಎಲ್ಲರೂ ನೋಡುತ್ತಿದ್ದರು. ನಾನು ತೊಟ್ಟಿಲಿಗೆ ಬಗ್ಗಿ ಇನ್ನೊಂದನ್ನು ತೆಗೆದೆ. ಒಳಗೆ ಆ ಸಣ್ಣ ಕಾಲು ಬೆವೆತು ಒದ್ದೆಯಾಗಿತ್ತು.